ತೇರಣಾದ ಹೊಸ ನೀರು, ಏರು ಮೀನು, ನನ್ನ ಬಲೆ

ನಾನು ಬಲೆ ಕೆಳಗಿಟ್ಟು ಎರಡು ಮಳೆಗಾಲ ಕಳೆದವು. ಬಲಗೈ ಕಿವಿಯಿಂದ ಮೇಲೆ ಏಳುವುದಿಲ್ಲ. ಉಮರ್ಗಾದಲ್ಲಿ ಡಾಕ್ಟರರು ಎಕ್ಸ್‌ರೇ ಫಿಲ್ಮು ಬೆಳಕಿಗೆ ಹಿಡಿದು ನೋಡಿ, "ಆಯಿ, ಈ ಭುಜದ ಮ್ಯಾಲ ಇಷ್ಟು ವರ್ಷ ಏನು ಹೊತ್ತೀರಿ?" ಎಂದು ಕೇಳಿದರು. ಹೊತ್ತಿಲ್ಲ, ಬೀಸಿದ್ದೇನೆ ಎಂದೆ. ಅವರಿಗೆ ತಿಳಿಯಲಿಲ್ಲ. ಹೊಳೆಯಲ್ಲಿ ಬೀಸುಬಲೆ ಹಾಕಿ ಮೀನು ಹಿಡಿಯುವವಳು ಎಂದು ಬಿಡಿಸಿ ಹೇಳಿದಾಗ ನನ್ನ ಸೀರೆ, ಹಣೆಯ ಭಂಡಾರದ ಅರಿಶಿನ, ನರೆತ ತಲೆ ಎಲ್ಲ ನೋಡಿ ನಕ್ಕರು. ಅಂಥ ನಗು ನನಗೆ ಹೊಸದಲ್ಲ.

ಈಗ ನಮ್ಮೂರಿನಲ್ಲಿ ಆರು ಮಂದಿ ಹೆಣ್ಣುಮಕ್ಕಳು ತೇರಣಾ ಹೊಳೆಗೆ ಬಲೆ ಹಾಕುತ್ತಾರೆ. ನನ್ನ ಸೊಸೆ ಸುನೀತಾ ಅವರಲ್ಲಿ ಒಬ್ಬಳು. ದಿನಾ ಒಂದಲ್ಲ ಒಂದು ಕೇಳುತ್ತಾರೆ. ಹೇಳಿದ್ದು ಮರೆಯುತ್ತಾರೆ, ಮತ್ತೆ ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬಸವಕಲ್ಯಾಣದ ಕಡೆಯ ತಾಯಿಯ ತವರಿನಲ್ಲಿದ್ದು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತವಳು ನಾನು. ಈ ಮನೆಯಲ್ಲಿ ಎಲ್ಲರೂ ಓದುವುದು ಮರಾಠಿ. ಓದಲು ಬಾರದಿದ್ದರೆ ಓದಿಸಿಕೊಳ್ಳಲಿ. ಹೆಣ್ಣು ಯಾವುದರಲ್ಲೂ ಕಡಿಮೆಯಿಲ್ಲ ಎಂದು ಬರೆಯಿರಿ ಎಂದು ಒಬ್ಬ ಮೇಷ್ಟ್ರು ಹೇಳಿದರು. ಅದನ್ನು ಅವರೇ ಬರೆದುಕೊಳ್ಳಲಿ. ನಾನು ನಡೆದದ್ದನ್ನು ಬರೆಯುತ್ತೇನೆ. ನನ್ನ ತಪ್ಪುಗಳನ್ನೂ ಬರೆಯುತ್ತೇನೆ.

ಹೆಸರು ಮಾಳವ್ವ. ಸರಕಾರಿ ಕಾಗದದಲ್ಲಿ ಮಾಲನಬಾಯಿ. ಹುಟ್ಟಿದ್ದೂ ಸೇರಿದ್ದೂ ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ನಿಲಂಗಾ ತಾಲೂಕಿನಲ್ಲಿ, ಕಾಸಾರಶಿರಸಿಯ ಸಂತೆಗೆ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ನಮ್ಮೂರು. ನಮ್ಮವರಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಮರಿಗಳಿಗೆ ಮೇವು ಹಾಕುತ್ತಾರೆ. ಹೊಳೆಗೆ ಹೋದರೆ ಬಟ್ಟೆ ಒಗೆಯಲು. ಮೀನು ಹಿಡಿಯುವುದು ಭೋಯಿಗಳ ಕೆಲಸ, ಅದರಲ್ಲೂ ಗಂಡಸರ ಕೆಲಸ.

ನಮ್ಮೂರಿನ ಭೋಯಿಗಳಲ್ಲಿ ಹಿರಿಯ ಗಂಗಾರಾಮ ಮಾಮಾ. ವಾತ ಹಿಡಿದು ಅವರ ಬೆರಳುಗಳು ಮಡಚುತ್ತಿರಲಿಲ್ಲ. ಬೀಸುವುದಾಗುತ್ತಿತ್ತು, ಗಂಟು ಹಾಕುವುದಾಗುತ್ತಿರಲಿಲ್ಲ. ನಾನು ಮದುವೆಯಾಗಿ ಬಂದ ಎರಡನೆಯ ವರ್ಷವೋ ಏನೋ, ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ ನಾನು ಉಣ್ಣೆ ನೂಲುವುದನ್ನೇ ನೋಡಿದರು.

"ಪೋರಿ, ನಿನ್ನ ಕೈ ಬರೋಬರಿ ಓಡ್ತದ. ಬಲಿ ಹೆಣಿಯಾಕ ಕಲ್ತೀಯೇನ?"

ಕಲಿತೆ. ನೈಲಾನ್ ದಾರ ಆಗತಾನೇ ಬಂದಿತ್ತು. ಹಳೆಯ ಹತ್ತಿ ದಾರದ ಬಲೆಯನ್ನು ವಾರಕ್ಕೊಮ್ಮೆ ಒಣಗಿಸಿ, ತೊಗಟೆಯ ಕಷಾಯದಲ್ಲಿ ಅದ್ದದಿದ್ದರೆ ಕೊಳೆತುಹೋಗುತ್ತಿತ್ತು. ನೈಲಾನಿಗೆ ಆ ಕಾಟವಿಲ್ಲ. ಆದರೆ ಗಂಟು ಜಾರುತ್ತದೆ, ಎರಡು ಸುತ್ತು ಹಾಕಬೇಕು. ಬಲೆಯ ಕಣ್ಣು ನಾಲ್ಕು ಬೆರಳು ಅಗಲ. ಅದಕ್ಕಿಂತ ಸಣ್ಣದು ಬೇಡ ಎಂದು ಮಾಮಾ ಮೊದಲ ದಿನವೇ ಹೇಳಿದರು. ಮೂರು ಬಲೆ ಹೆಣೆದುಕೊಟ್ಟೆ. ನಾಲ್ಕನೆಯದು ಮುಗಿದಾಗ ಅದನ್ನು ಅವರ ಕೈಗೆ ಕೊಡಲಿಲ್ಲ.

"ಇದನ್ನ ನಾ ಬೀಸ್ತೀನಿ, ಮಾಮಾ."

ಅವರು ನಗಲಿಲ್ಲ. "ಗಂಡಗ ಕೇಳಿಯೇನ?" ಎಂದರು. ಕೇಳುವುದಿಲ್ಲ, ಹೇಳುತ್ತೇನೆ ಎಂದೆ.

ಗಂಡನ ಹೆಸರು ಹೆಂಡತಿ ಹೇಳಬಾರದಂತೆ. ನಾನು ಬರೆಯುತ್ತೇನೆ, ನಾಗಪ್ಪ. ಒಳ್ಳೆಯ ಮನುಷ್ಯ, ಆದರೆ ಜನರ ಬಾಯಿಗೆ ಹೆದರುವವರು. ಆ ಸಂಜೆ ಹೇಳಿದಾಗ ಅವರ ಕೈಯ ರೊಟ್ಟಿ ಕೈಯಲ್ಲೇ ಉಳಿಯಿತು.

"ಮಂದಿ ಏನಂತಾರ, ಮಾಳೂ?"

"ಮಂದಿ ಮೀನ ತಿಂತಾರ. ನಾ ಹಿಡದದ್ದೂ ತಿಂತಾರ."

ಬೀಸುಬಲೆ ಹಾಕುವುದು ಹೇಳಿದರೆ ಬರುವ ವಿದ್ಯೆಯಲ್ಲ. ಸೀರೆ ಕಚ್ಚೆ ಬಿಗಿದು ಉಟ್ಟು, ಬಲೆಯ ಅಂಚಿನ ಒಂದು ಸೀಸದ ಗುಂಡನ್ನು ಹಲ್ಲಿನಲ್ಲಿ ಹಿಡಿದು, ಅರ್ಧ ಬಲೆ ಮೊಳಕೈ ಮೇಲೆ, ಅರ್ಧ ಬಲಗೈಯಲ್ಲಿ. ಸೊಂಟ ತಿರುಗಿಸಿ ಬೀಸುವಾಗ ಹಲ್ಲಿನ ಹಿಡಿತ ಬಿಡಬೇಕು. ನಾನು ಬಿಡುವುದು ತಡವಾಗಿ ಮುಂದಿನ ಹಲ್ಲಿನ ತುದಿ ಹೋಯಿತು. ಈಗಲೂ ನಾನು ನಕ್ಕರೆ ಕಾಣುತ್ತದೆ. ಮೊದಲು ನಮ್ಮ ಕುರಿದೊಡ್ಡಿಯ ಅಂಗಳದಲ್ಲಿ ಒಣ ನೆಲದ ಮೇಲೆ ಬೀಸಿ ಬೀಸಿ ಕಲಿತೆ. ಅತ್ತೆ ಬಾಗಿಲಲ್ಲಿ ಕೂತು ಬಯ್ಯುತ್ತಿದ್ದರು. ಬಲೆ ಸೊಟ್ಟ ಬಿದ್ದರೆ ಬಯ್ಯುವುದನ್ನು ನಿಲ್ಲಿಸಿ, "ಎಡಕ್ಕ ಮುದ್ದಿ ಬೀಳ್ಲಕತ್ತದ ನೋಡು" ಎಂದು ತೋರಿಸುತ್ತಿದ್ದರು. ಆಮೇಲೆ ಮತ್ತೆ ಬಯ್ಗುಳ.

ಹೊಳೆಗೆ ಇಳಿಯುವ ದಾರಿ ಶಿವಲಿಂಗಪ್ಪ ಕಾಕಾ ಅವರ ಹೊಲದ ಬದುವಿನ ಮೇಲಿತ್ತು. ಲಿಂಗ ಕಟ್ಟಿದ ಮನೆತನ, ಮೀನಿನ ವಾಸನೆ ಬಂದರೂ ಮುಖ ತಿರುಗಿಸುವವರು. ನಾನು ಹೋಗಿ ಕೇಳಿದಾಗ, "ಹೋಗು. ಹೋಗ್ತಾ ಬರ್ತಾ ಬುಟ್ಟೀಗಿ ಅರಿವಿ ಮುಚ್ಚು. ತೊಗರೀ ಗಿಡ ತುಳೀಬ್ಯಾಡ" ಎಂದರು. ಅಷ್ಟೇ. ಎಷ್ಟೋ ವರ್ಷ ಆ ಬದುವಿನ ಮೇಲೆ ನಡೆದೆ. ಒಂದು ದಿನವೂ ಬುಟ್ಟಿಯ ಬಟ್ಟೆ ಸರಿಸಿಲ್ಲ, ಒಂದು ಗಿಡ ತುಳಿದಿಲ್ಲ.

ಈಗ ಏರು ಮೀನಿನ ವಿಷಯ. ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದೇ.

ಮಿರಗದ, ಅಂದರೆ ಮೃಗಶಿರಾ ನಕ್ಷತ್ರದ ಮಳೆ ಜೋರಾಗಿ ಹಿಡಿದು ಹೊಳೆಗೆ ಕೆಂಪು ನೀರು ಬಂದ ದಿನ ಕೆಳಗಿನ ಮಾಂಜರಾ ನದಿಯಿಂದ ಮೀನು ತೇರಣಾಕ್ಕೆ ಏರುತ್ತವೆ. ರೋಹು, ಕಟ್ಲಾ, ಬಾಯಿ ಅಗಲದ ಉದ್ದ ಬಾಳೆ ಮೀನು, ಮುಳ್ಳಿನ ಶಿಂಗಾಡಾ. ಹೊಟ್ಟೆ ತುಂಬ ಮೊಟ್ಟೆ. ಮೇಲಿನ ತಗ್ಗು ಹೊಲಗಳಿಗೆ, ಹುಲ್ಲು ಮುಳುಗಿದ ದಂಡೆಗಳಿಗೆ ಹೋಗಿ ಮೊಟ್ಟೆ ಇಡಬೇಕು. ನೀರಿನ ಸೆಳವಿಗೆ ಎದುರಾಗಿ ಈಜುವಾಗ ಅವಕ್ಕೆ ಬೇರೆ ಯಾವುದರ ಅರಿವೂ ಇರುವುದಿಲ್ಲ. ಮಂಡಿಯುದ್ದ ನೀರಿನಲ್ಲಿ ನಿಂತರೆ ಕಾಲಿಗೆ ತಾಗಿ ಹೋಗುತ್ತವೆ. ಯಾರು ಬೇಕಾದರೂ ಹಿಡಿಯಬಹುದು. ಗಂಗಾರಾಮ ಮಾಮಾ ಅದಕ್ಕೇ ಹೇಳುತ್ತಿದ್ದರು, ಅದು ಬೇಟೆಯಲ್ಲ. ಮೊದಲ ಏರು ಬಿಡಬೇಕು. ಕೆಂಪು ನೀರು ತಿಳಿದು ಚಹಾದ ಬಣ್ಣಕ್ಕೆ ಬಂದ ಮೇಲೆ ಎರಡನೆಯ ಏರು ಬರುತ್ತದೆ. ಆಗ ದಂಡೆಯ ಅಂಚಿಗೆ ಬೀಸಬೇಕು. ಹೊಳೆ ಇಕ್ಕಟ್ಟಾಗಿ ಹರಿಯುವ ಜಾಗದಲ್ಲಿ ಮಾತ್ರ ಯಾವತ್ತೂ ಬೀಸಬಾರದು.

ನಾನು ಕೇಳಲಿಲ್ಲ. ಕಲಿತ ಎರಡನೆಯ ವರ್ಷವೇ ಈ ತಪ್ಪು ಮಾಡಿದೆ. ಆ ಸಲ ಮಾಮಾ ಪಂಢರಪುರದ ವಾರಿಯ ಯಾತ್ರೆಗೆ ನಡೆದು ಹೋಗಿದ್ದರು. ಮೊದಲ ನೀರು ಬಂತು. ಹೊಳೆಯ ಹಳೆಯ ಕಲ್ಲಿನ ಒಡ್ಡಿನ ಕೆಳಗಿನ ಇಕ್ಕಟ್ಟಿನಲ್ಲಿ ನಿಂತು ಒಂದೇ ಬೆಳಿಗ್ಗೆ ಎರಡು ಬುಟ್ಟಿ ತುಂಬಿಸಿದೆ. ಎಲ್ಲ ಮೊಟ್ಟೆಯ ಮೀನು. ಕಾಸಾರಶಿರಸಿಯ ಸಂತೆಯಲ್ಲಿ ಗಂಡಸರ ಸಾಲಿನ ಮಧ್ಯೆ ಬುಟ್ಟಿ ಇಟ್ಟುಕೊಂಡು ಕೂತೆ. ಕುರುಬರಾಕಿ ಭೋಯಿಗಳನ್ನು ಮೀರಿಸಿದಳು ಎಂದು ಜನ ಅಂದರು. ಎದೆ ಉಬ್ಬಿತು.

ಮಾಮಾ ವಾರಿಯಿಂದ ಬಂದವರೇ ಸುದ್ದಿ ಕೇಳಿ ನಮ್ಮ ಮನೆಗೆ ಬಂದರು. ನಾನು ತೋರಿಸಲೆಂದೇ ಉಳಿಸಿ ಉಪ್ಪು ಹಾಕಿ ಒಣಗಿಸಿದ್ದ ಮೀನಿನ ಮೊಟ್ಟೆಯ ಒಂದು ಗಡ್ಡೆ ಅಡುಗೆಮನೆಯಲ್ಲಿತ್ತು. ಅದನ್ನು ತೆಗೆದು ನನ್ನ ಅಂಗೈಯಲ್ಲಿ ಪುಡಿ ಮಾಡಿದರು.

"ಎಣಸು."

ಸಾಸಿವೆಗಿಂತ ಸಣ್ಣ ಕಾಳು. ಐವತ್ತು, ಅರವತ್ತರವರೆಗೆ ಎಣಿಸಿದೆ. ಕಣ್ಣು ಮಂಜಾಯಿತು. ಇನ್ನೂ ಚಿಟಿಕೆಯಷ್ಟೂ ಮುಗಿದಿರಲಿಲ್ಲ.

"ಎಣಸು, ಎಣಸು. ಎರಡು ಬುಟ್ಟಿ ಹಿಡದಾಕಿ ನೀ. ಎಣಸಾಕ ಯಾಕ ಬ್ಯಾಸರ?"

ಬಯ್ಯಲಿಲ್ಲ, ಕೂಗಲಿಲ್ಲ. ನನ್ನ ಬಲೆ ತೆಗೆದುಕೊಂಡು ಹೋದರು. ಒಂದು ವರ್ಷ ಪೂರ್ತಿ ಹೊಳೆಗೆ ಇಳಿಯಬಾರದು, ಹೆಣೆಯುವುದು ಮಾತ್ರ. ಅವಮಾನದಿಂದ ಅಳು ಬಂತು, ಸಿಟ್ಟಿನಿಂದಲೂ ಬಂತು. ಆದರೆ ಆ ಚಳಿಗಾಲದಲ್ಲಿ ಒಡ್ಡಿನ ಮೇಲಿನ ಮಡುವಿನಲ್ಲಿ ಭೋಯಿಗಳು ಬಲೆ ಹಾಕಿ ಹಾಕಿ ಖಾಲಿ ಬುಟ್ಟಿ ಹಿಡಿದು ನಮ್ಮ ಬಾಗಿಲ ಮುಂದೆ ಹಾದುಹೋಗುವುದನ್ನು ನೋಡಿದೆ. ನಾನೊಬ್ಬಳೇ ಕಾರಣ ಅಂತಲ್ಲ, ಆ ವರ್ಷ ಬಹಳ ಜನ ಹಿಡಿದಿದ್ದರು. ಆದರೆ ನಾನೂ ಕಾರಣಳೇ.

ಇನ್ನೊಂದು ತಪ್ಪಿನ ಗುರುತು ನನ್ನ ಎಡಗೈ ಉಂಗುರ ಬೆರಳಿನಲ್ಲಿದೆ, ನೆಟ್ಟಗಾಗುವುದಿಲ್ಲ. ಬೀಸುಬಲೆಯ ಹಗ್ಗದ ತುದಿಯನ್ನು ಎಡಗೈಗೆ ಸಡಿಲ ಕುಣಿಕೆ ಹಾಕಿಕೊಳ್ಳಬೇಕು, ಜಗ್ಗಿದರೆ ಕಳಚಿಹೋಗುವಂತೆ. ಒಂದು ಸಲ ಮಹಾಪೂರದ ಮರುದಿನ, ಬಲೆ ಹೋದೀತೆಂಬ ಭಯಕ್ಕೆ ಬಿಗಿ ಗಂಟು ಹಾಕಿಕೊಂಡೆ. ಬಲೆಗೆ ಮೀನು ಬೀಳಲಿಲ್ಲ, ತೇಲಿ ಬಂದ ಜಾಲಿಯ ಮರ ಬಿತ್ತು. ಹಗ್ಗಕ್ಕೆ ಸಿಕ್ಕ ಬೆರಳು ಮುರಿದು ನನ್ನನ್ನು ಎಳೆದುಕೊಂಡೇ ಹೊರಟಿತು. ನೀರು ಕುಡಿದೆ, ಮುಳುಗಿದೆ, ಎದ್ದೆ. ದಂಡೆಯ ಮೇಲೆ ಬುಟ್ಟಿ ಹಿಡಿದು ನಿಂತಿದ್ದ ನಮ್ಮ ಮನೆಯವರು, ಈಜು ಅರೆಬರೆ ಬರುತ್ತಿದ್ದ ಮನುಷ್ಯ, ಕುಡುಗೋಲು ಬಾಯಲ್ಲಿ ಕಚ್ಚಿಕೊಂಡು ಧುಮುಕಿದರು. ಹಗ್ಗ ಕೊಯ್ದು ನನ್ನ ಜಡೆ ಹಿಡಿದು ಎಳೆದು ದಂಡೆಗೆ ಹಾಕಿದರು. ಇಬ್ಬರೂ ಕೆಸರಿನಲ್ಲಿ ಬಿದ್ದುಕೊಂಡಿದ್ದೆವು. ಇನ್ನು ಹೊಳೆ ಸಾಕು ಎನ್ನುತ್ತಾರೆ ಎಂದುಕೊಂಡೆ. ಅವರು ಏದುಸಿರು ಬಿಡುತ್ತ, "ನಾಳಿಂದ ಸಡ್ಲ ಕಟ್ಕೋ" ಎಂದರು. ಆ ದಿನದಿಂದ ಮಂದಿ ಏನಂತಾರ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ.

ಹೊಳೆಗೆ ಬಂಧಾರ, ಹಲಗೆ ಹಾಕಿ ನೀರು ನಿಲ್ಲಿಸುವ ಅಡ್ಡಗಟ್ಟೆ, ಕಟ್ಟಿದ ಮೇಲೆ ಮೀನುಗಾರರ ಸೊಸೈಟಿಯಾಯಿತು. ಗಂಗಾರಾಮ ಮಾಮಾ ಬದುಕಿದ್ದರು. ಮಾಳವ್ವನ ಹೆಸರಿಲ್ಲದಿದ್ದರೆ ನನ್ನ ಹೆಸರೂ ಬೇಡ ಎಂದು ಕೂತರು. ಸದಸ್ಯರ ಪುಸ್ತಕದಲ್ಲಿ ನನ್ನ ಹೆಸರು ಹೀಗೆ ಬಂತು. ಸೊಸೈಟಿಯ ಜೊತೆಗೆ ಮೀನುಗಾರಿಕೆ ಇಲಾಖೆಯ ಸಾಹೇಬರೂ ಬರತೊಡಗಿದರು. ಒಬ್ಬರು ಮೀನುಮರಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಜೀಪಿನಲ್ಲಿ ಮಧ್ಯಾಹ್ನದ ಉರಿಬಿಸಿಲಿಗೆ ಬಂದರು. ಚೀಲ ಬಿಚ್ಚಿ ಸೀದಾ ಹೊಳೆಗೆ ಸುರಿಯಲು ನಿಂತರು. ಚೀಲದ ನೀರು ಕಾದಿದೆ, ಹೊಳೆಯ ನೀರು ತಣ್ಣಗಿದೆ, ಚೀಲವನ್ನು ಕಟ್ಟಿಕೊಂಡೇ ಸ್ವಲ್ಪ ಹೊತ್ತು ನೀರಲ್ಲಿ ತೇಲಿಬಿಡಿ ಸಾಹೇಬರೆ ಎಂದೆ. "ನೀವು ಕಲಿಸಬ್ಯಾಡ್ರಿ ಬಾಯಿ" ಎಂದರು. ಸುರಿದರು. ಜೀಪು ಹತ್ತುವ ಹೊತ್ತಿಗೆ ಮರಿಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿದವು. ನಾನು ಒಂದು ಬೊಗಸೆ ತುಂಬಿ ತಂದು ಜೀಪಿನ ಮುಂದಿನ ಸೀಟಿನ ಮೇಲೆ ಇಟ್ಟೆ. ಮುಂದಿನ ವರ್ಷ ಅದೇ ಸಾಹೇಬರು ಬೆಳಿಗ್ಗೆ ತಂಪು ಹೊತ್ತಿನಲ್ಲಿ ಬಂದು, ಚೀಲ ತೇಲಿಬಿಟ್ಟು, ನಮ್ಮ ಜೊತೆ ದಂಡೆಯ ಮೇಲೆ ಕೂತು ಶೇಂಗಾ ತಿಂದರು. ಅವರನ್ನು ನಾನು ಒಳ್ಳೆಯ ಅಧಿಕಾರಿ ಎಂದೇ ನೆನೆಯುತ್ತೇನೆ.

ಗಂಗಾರಾಮ ಮಾಮಾ ತೀರಿಕೊಂಡ ಮೇಲೆ ಹೊಳೆಯ ರೀತಿ ಬದಲಾಯಿತು. ಕೂದಲಿನಷ್ಟು ತೆಳುವಾದ ಪ್ಲಾಸ್ಟಿಕ್ ತಂತಿಯ ಬಲೆಗಳು ಬಂದವು, ಹೆಣೆಯುವ ಗೋಜಿಲ್ಲ, ಅಂಗಡಿಯಲ್ಲಿ ಸಿಗುತ್ತವೆ. ಕಣ್ಣು ಒಂದೇ ಬೆರಳು. ಮರಿ ಸಹ ತಪ್ಪಿಸಿಕೊಳ್ಳುವುದಿಲ್ಲ. ಆಗಿನ ಚೇರ್ಮನ್ನರ ಹೆಸರು ಬರೆಯುವುದಿಲ್ಲ, ಅವರ ಮೊಮ್ಮಕ್ಕಳು ನನ್ನನ್ನು ಅಜ್ಜಿ ಎನ್ನುತ್ತಾರೆ. ಹೊಳೆಯ ಅಡ್ಡಕ್ಕೂ ದಂಡೆಯಿಂದ ದಂಡೆಗೆ ಬಲೆ ಕಟ್ಟಬಾರದು ಎಂದು ಸೊಸೈಟಿಯದೇ ನಿಯಮವಿತ್ತು. ಅದಕ್ಕೆ ಚೇರ್ಮನ್ನರದೇ ಸಹಿ ಇತ್ತು.

ಆ ವರ್ಷ ಮಿರಗ ಒಣಗಿಹೋಯಿತು. ಅದರ ಮುಂದಿನ ಆರಿದ್ರಾ ಮಳೆಯಲ್ಲಿ ಒಮ್ಮೆಲೇ ಹೊಳೆ ಬಂತು. ಬೆಳಗಾಗುತ್ತಲೇ ನಾನು ಬಂಧಾರಕ್ಕೆ ಹೋದೆ, ಬೀಸಲು ಅಲ್ಲ, ಮೊದಲ ಏರು ನೋಡಲು. ಬಂಧಾರದ ಹಲಗೆ ತೆಗೆದ ಕಂಡಿಗೆ ಅಡ್ಡಲಾಗಿ, ಈ ದಂಡೆಯ ಬೇವಿನ ಮರದಿಂದ ಆ ದಂಡೆಯ ಕಲ್ಲುಕಂಬದವರೆಗೆ ದಪ್ಪ ಹಗ್ಗ ಎಳೆದು ಒಂದು ಬೆರಳಿನ ಬಲೆ ಇಳಿಬಿಟ್ಟಿದ್ದರು. ಅದರ ಕೆಳಗೆ ನೀರು ಕುದಿಯುತ್ತಿತ್ತು. ನೀರಲ್ಲ, ಮೀನು. ಒಂದರ ಮೇಲೊಂದು ಏರಿ ಬಲೆಗೆ ಮೂತಿ ಹೊಡೆದುಕೊಳ್ಳುತ್ತಿದ್ದವು. ಕಿವಿರಿನಿಂದ ರಕ್ತ. ಹೊಟ್ಟೆ ಒತ್ತಿ ಮೊಟ್ಟೆ ಹೊರಬಂದು ನೊರೆಯ ಹಾಗೆ ತೇಲುತ್ತಿತ್ತು. ಚೇರ್ಮನ್ನರು ಕೊಡೆ ಹಿಡಿದು ನಿಂತಿದ್ದರು. ಉದಗೀರದ ವ್ಯಾಪಾರಿಯ ಟೆಂಪೋ ದಂಡೆಯ ಮೇಲೆ ತಯಾರಿತ್ತು. ಏಳೆಂಟು ಮಂದಿ ಸದಸ್ಯರು ನೀರಿನಲ್ಲಿ. ಅವರ ಮುಂದಾಳು ದಶರಥ, ಭೋಯಿ, ನನಗಿಂತ ಹತ್ತು ವರ್ಷ ಚಿಕ್ಕವನು, ಗಟ್ಟಿ ಆಳು.

ನಾನು ಚೇರ್ಮನ್ನರ ಹತ್ತಿರ ಹೋದೆ.

"ಅಣ್ಣಾವ್ರ, ನೀವೇ ಬರದ ನಿಯಮ ಅದ. ಬಲಿ ತಗಸ್ರಿ."

"ಒಂದೇ ದಿನದ ಮಾತು, ಮಾಳಕ್ಕಾ. ನಿನಗೂ ಪಾಲು ಅದ."

"ನನಗ ಪಾಲು ಬ್ಯಾಡ. ಮ್ಯಾಲಿನ ಮಡುವಿನಾಗ ನಾಳಿ ಏನು ಹಿಡೀತೀರಿ?"

"ನಾಳಿ ನಾಳಿಗಿ ನೋಡೋಣು. ನೀ ಮನೀಗಿ ನಡಿ. ಇದು ಗಂಡಸರ ವ್ಯವಹಾರ ಅದ."

ಅಲ್ಲಿಯವರೆಗೆ ನಾನು ಬೇಡಿಕೊಳ್ಳಲೂ ತಯಾರಿದ್ದೆ. ಆ ಕೊನೆಯ ಮಾತಿನ ನಂತರ ತಯಾರಿರಲಿಲ್ಲ. ಶಿವಲಿಂಗಪ್ಪ ಕಾಕಾ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದರು. ಅವರ ಕೈಯಿಂದ ಕುಡುಗೋಲು ಇಸಿದುಕೊಂಡೆ. ಯಾಕೆ ಎಂದು ಅವರು ಕೇಳಲಿಲ್ಲ. ಬೇವಿನ ಮರದ ಬುಡದಲ್ಲಿ ಹಗ್ಗ ಕೊಯ್ಯಬಹುದಿತ್ತು, ಆದರೆ ಅಲ್ಲಿ ಇಬ್ಬರು ಕಾವಲಿದ್ದರು. ನೀರಿಗೇ ಇಳಿದೆ. ಎದೆಯುದ್ದ ನೀರು. ಮೀನುಗಳು ತೊಡೆಗೆ, ಹೊಟ್ಟೆಗೆ ಬಡಿಯುತ್ತಿದ್ದವು. ದಶರಥ ನೋಡಿದ.

"ಅಕ್ಕಾ, ಬರಬ್ಯಾಡ! ಕೈ ಹಚ್ಚಿದ್ರ ಛಲೋ ಆಗಂಗಿಲ್ಲ!"

ನಾನು ಹಗ್ಗ ಹಿಡಿದೆ. ಅವನು ಬಂದು ನನ್ನ ಹೆಗಲು ಹಿಡಿದು ಕೈ ಎತ್ತಿದ. "ಹೊಡಿ" ಎಂದೆ. "ಗಂಗಾರಾಮ ಮಾಮಾನ ಹೆಸರ ತಗೊಂಡು ಹೊಡಿ." ಅವನ ಕೈ ಮೇಲೆಯೇ ನಿಂತಿತು. ಅಷ್ಟರಲ್ಲಿ ನಾನು ಎರಡು ಸಲ ಗೀರಿದ್ದೆ. ಮೂರನೆಯದಕ್ಕೆ ಹಗ್ಗ ತುಂಡಾಯಿತು. ಬಲೆ ಸೆಳವಿಗೆ ಸಿಕ್ಕು ಬಾಗಿಲಿನ ಹಾಗೆ ತೆರೆದು ಆ ದಂಡೆಗೆ ಹೋಗಿ ಬಡಿಯಿತು. ನನ್ನ ಕಾಲು ಜಾರಿತು. ದಶರಥನೇ ನನ್ನ ತೋಳು ಹಿಡಿದುಕೊಂಡ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದಾಗ ನಮ್ಮ ಎರಡೂ ಪಕ್ಕದಿಂದ ಮೀನು ಹೋದವು. ಎಷ್ಟು ಹೊತ್ತು ಎಂದು ಹೇಳಲಾರೆ. ದಂಡೆಯ ಮೇಲೆ ಕೂಗಾಡುತ್ತಿದ್ದವರೂ ನೀರಿನ ಅಂಚಿಗೆ ಬಂದು ನೋಡಿದರು.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ಪೊಲೀಸ್ ಠಾಣೆಗೆ ಕರೆಸಿದರು. ಸೊಸೈಟಿಯ ಆಸ್ತಿ ಹಾಳು ಮಾಡಿದ್ದಾಳೆ ಎಂದು ಚೇರ್ಮನ್ನರ ದೂರು. ಸಾಕ್ಷಿ ಯಾರು ಎಂದಾಗ ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಿಂದ ಶಿವಲಿಂಗಪ್ಪ ಕಾಕಾ ಎದ್ದರು. ಧೋತರ, ಹಣೆಗೆ ವಿಭೂತಿ. ಅವರು ಯಾಕೆ ಬಂದಿದ್ದಾರೆಂದು ನನಗೇ ತಿಳಿದಿರಲಿಲ್ಲ.

"ಆಕಿ ಹಗ್ಗ ಕೊಯ್ದಾಳ, ಖರೆ ಅದ. ಕುಡುಗೋಲು ನಂದೇ. ಬರಕೋರಿ. ಇವ್ರು ಹೊಳೀನೇ ಕಟ್ಟಿದ್ರು. ಅದೂ ಬರಕೋರಿ."

ಠಾಣೆಯ ಫೌಜದಾರರು ಸೊಸೈಟಿಯ ನಿಯಮದ ಕಾಗದ ತರಿಸಿ ಓದಿದರು. ಎರಡೂ ಬರೆದುಕೊಂಡರೆ ಇಬ್ಬರಿಗೂ ಕೇಸು, ಯೋಚಿಸಿ ಎಂದರು. ಚೇರ್ಮನ್ನರು ದೂರು ಹಿಂದಕ್ಕೆ ತೆಗೆದುಕೊಂಡರು. ಮೀನು ಕಂಡರೆ ಮುಖ ತಿರುಗಿಸುತ್ತಿದ್ದ ಕಾಕಾ ಬಸ್ಸಿನಲ್ಲಿ ಬರುವಾಗ ನನ್ನ ಪಕ್ಕದ ಸೀಟಿನಲ್ಲಿ ಕೂತು, "ಅವು ಹಂಗ ತಲಿ ಬಡ್ಕೊಳ್ಳೂದು ನನಗ ನೋಡಾಕ ಆಗ್ಲಿಲ್ಲವ್ವಾ" ಎಂದರು.

ಆದರೆ ಸೊಸೈಟಿ ಬಿಡಲಿಲ್ಲ. ಸಭೆ ಕರೆದು ಸದಸ್ಯರ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಹೊಳೆಗೆ ಇಳಿದರೆ ಬಲೆ ಕಸಿದುಕೊಳ್ಳುತ್ತೇವೆ ಎಂದರು. ನಾನು ಇಳಿದೆ. ಬಲೆ ಒಯ್ದರು. ಒಂದು ಬೀಸುಬಲೆ ಹೆಣೆಯಲು ನನಗೆ ಇಪ್ಪತ್ತು ದಿನ ಬೇಕು. ಹೆಣೆದೆ. ಅದನ್ನೂ ಒಯ್ದರು. ಮತ್ತೆ ಹೆಣೆದೆ. ಮೂರನೆಯದನ್ನು ಕೇಳಲು ಯಾರೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದು ದೀಪಾವಳಿಯ ಹೊತ್ತಿಗೆ ತಿಳಿಯಿತು. ಮೇಲಿನ ಮಡುವಿನ ನೀರು ಇಳಿದಾಗ ಅಲ್ಲಿ ಅಂಗೈಯಗಲದ ಮರಿಗಳು ಗಿಜಿಗುಡುತ್ತಿದ್ದವು. ಬಲೆ ಒಯ್ಯುತ್ತಿದ್ದವರು ಅದನ್ನು ಮೊದಲೇ ಕಂಡಿದ್ದರು. ಬೇಸಿಗೆಯವರೆಗೆ ಎಲ್ಲರ ಮನೆಯಲ್ಲೂ ಮೀನು. ಒಂದು ಮಧ್ಯಾಹ್ನ ದಶರಥ ಹರಿದ ಬಲೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದು ನಿಂತ. ರಿಪೇರಿ ಮಾಡಿಕೊಡುತ್ತೀಯಾ ಎಂದ. ಬಿಚ್ಚಿ ನೋಡಿದೆ. ನಾಲ್ಕು ಬೆರಳಿನ ಕಣ್ಣು, ಹಳೆಯ ನೈಲಾನ್. ಪ್ಲಾಸ್ಟಿಕ್ ಬಲೆ ಎಲ್ಲಿ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ಹೆಂಡತಿ ಮರುವಾರ ಬಂದು, ಬೀಸುವುದು ಕಲಿಸುತ್ತೀರಾ ಎಂದು ಕೇಳಿದಳು. ನಾನು ಮೊದಲು ಕಲಿಸಿದ ಹೆಣ್ಣುಮಗಳು ಆಕೆಯೇ.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಓದಬೇಡಿ. ಮಿರಗದಲ್ಲಿ ಅಡ್ಡ ಬಲೆ ಕಟ್ಟುವುದು ನಮ್ಮೂರಿನಲ್ಲಿ ನಿಂತಿತು, ಕೆಳಗಿನ ಊರುಗಳಲ್ಲಿ ನಿಂತಿಲ್ಲ. ಬ್ಯಾಟರಿಯ ಕರೆಂಟು ಹಾಯಿಸಿ ಮೀನು ಹಿಡಿಯುವವರು ಬಂದರು. ಅವರೊಡನೆ ಜಗಳಾಡಿ ನಾನು ಸೋತದ್ದೇ ಹೆಚ್ಚು. ಹಳೆಯ ಶಿಂಗಾಡಾ ಈಗ ಅಪರೂಪ, ಬಲೆಯ ತುಂಬ ಹೊರಗಿನಿಂದ ಬಂದ ಚಿಲಾಪಿ ಮೀನು. ಕೆಲವು ವರ್ಷ ನೀರೇ ಬರುವುದಿಲ್ಲ. ಇವೆಲ್ಲ ನೀವು ನೋಡಿಕೊಳ್ಳಬೇಕಾದವು. ನಾನು ಸೋತ ಜಗಳವನ್ನು ನೀವು ಮತ್ತೆ ಆಡಬಾರದು ಅಂತೇನಿಲ್ಲ.

ಹೋದ ವರ್ಷ ಒಂದು ದಿನ ಸೊಸೈಟಿಯವರು ಹೇಳಿಕಳಿಸಿದರು. ಮಾಳಕ್ಕನಿಗೆ ನಿವೃತ್ತಿಯ ಸತ್ಕಾರ, ಶಾಲು, ತೆಂಗಿನಕಾಯಿ. ಈಗ ಚೇರ್ಮನ್ ದಶರಥನೇ. ಸೊಸೈಟಿಯ ಕೋಣೆಯ ಮುಂದೆ ಪೆಂಡಾಲು, ಕುರ್ಚಿ, ಮೈಕು. ಊರಿನ ಭೋಯಿಗಳೆಲ್ಲ ಇದ್ದರು. ಆರೂ ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿದ್ದರು, ಅವರಲ್ಲಿ ನನ್ನ ಸೊಸೆ ಸುನೀತಾ ಹೊಸ ಸೀರೆ ಉಟ್ಟಿದ್ದಳು. ದಶರಥ ಶಾಲಿನ ಮಡಿಕೆ ಬಿಚ್ಚುತ್ತ ಎದ್ದು ಬಂದ. ನಾನು ಕೈ ಅಡ್ಡ ಹಿಡಿದೆ.

"ಶಾಲು ಆಮ್ಯಾಲ. ಮೊದಲ ಸದಸ್ಯರ ಪುಸ್ತಕ ತರಸು."

ಅವನ ಮುಖ ಇಳಿಯಿತು. ಹತ್ತಿರ ಬಂದು ಮೆಲ್ಲಗೆ ಹೇಳಿದ, "ಅಕ್ಕಾ, ಆ ಕೆಂಪು ಗೆರಿಗಿ ಅವಾಗ ನಾನೂ ಸಹಿ ಹಾಕೀನಿ. ನನಗ ನೆಪ್ಪದ. ಇವತ್ತು ಛಲೋ ದಿನ, ಅದ್ಯಾಕ ತಗೀತೀ?"

"ಸದಸ್ಯಳೇ ಅಲ್ಲದಾಕಿಗಿ ಯಾವ ಸತ್ಕಾರೋ ದಶರಥಾ? ನಾ ಬಿಡು. ಈ ಆರೂ ಮಂದಿ ಯಾರ ಕಾರ್ಡಿನ ಮ್ಯಾಲ ಹೊಳೀಗಿ ಹೋಗ್ತಾರ?"

ಗಂಡಂದಿರ ಸದಸ್ಯತ್ವದ ಕಾರ್ಡಿನ ಮೇಲೆ. ಅವನ ಹೆಂಡತಿಯೂ ಅವನ ಕಾರ್ಡಿನ ಮೇಲೆಯೇ. ಎಲ್ಲರಿಗೂ ಗೊತ್ತಿದ್ದ ಸಂಗತಿ, ಮೈಕಿನಲ್ಲಿ ಯಾರೂ ಹೇಳಿರಲಿಲ್ಲ. ಸೆಕ್ರೆಟರಿ ಎದ್ದು, ಹೆಸರು ಸೇರಿಸಲು ಸಭೆ ಕರೆಯಬೇಕು, ನೋಟೀಸು ಕೊಡಬೇಕು ಎಂದ. ನಾನು ನನಗೆಂದು ಹೂವಿನ ಹಾರ ಹಾಕಿಟ್ಟಿದ್ದ ಕುರ್ಚಿಯಲ್ಲಿ ಕೂತೆ.

"ಸಭಾ ಮಾಡ್ರಿ. ಎಲ್ಲಾರೂ ಇಲ್ಲೇ ಇದ್ದೀರಿ. ನನಗೇನು ಗಡಬಿಡಿ ಇಲ್ಲ."

ಸ್ವಲ್ಪ ಹೊತ್ತು ಗುಸುಗುಸು. ಯಾರೋ ಎದ್ದು ಹೋದರು. ದಶರಥ ಶಾಲನ್ನು ಮೇಜಿನ ಮೇಲೆ ಇಟ್ಟು, ತನ್ನ ಹೆಂಡತಿಯ ಕಡೆ ಒಮ್ಮೆ ನೋಡಿ, ಮೈಕ್ ಹಿಡಿದ. "ಯಾರು ಯಾರು ಒಪ್ತೀರಿ, ಕೈ ಎತ್ರಿ" ಎಂದು ಮೊದಲು ತನ್ನ ಕೈ ಎತ್ತಿದ. ಆಮೇಲೆ ಹಿಂದಿನ ಸಾಲಿನಿಂದ ಒಂದು ಕೈ, ಎರಡು, ಬಹಳ. ಎತ್ತದವರೂ ಇದ್ದರು. ಅವರ ಹೆಸರು ನನಗೆ ನೆನಪಿದೆ.

ಪುಸ್ತಕ ಬಂತು. ಆರು ಹೆಸರು ಬರೆದರು. ಒಬ್ಬೊಬ್ಬರಾಗಿ ಬಂದು ಸಹಿ ಮಾಡಿದರು. ಸುನೀತಾ ಶಾಯಿ ಚೆಲ್ಲಿದಳು. ಏಳನೆಯದು ನನ್ನದು. ಹೆಸರು, ಊರು ಬರೆದಾದ ಮೇಲೆ ಧಂದೆ, ಅಂದರೆ ಕಸುಬು, ಎಂಬ ಕಡೆ ಸೆಕ್ರೆಟರಿ ಪೆನ್ನು ನಿಲ್ಲಿಸಿ, "ನಿವೃತ್ತ ಅಂತ ಬರೀಲೇನ್ರಿ ಆಯಿ?" ಎಂದು ಕೇಳಿದ.

"ಮೀನ ಹಿಡಿಯಾಕಿ ಅಂತ ಬರಿ."

ಬರೆದ. ಓದಿ ನೋಡಿ ಸಹಿ ಹಾಕಿದೆ. ದಶರಥ ಮತ್ತೆ ಶಾಲು ಎತ್ತಿಕೊಂಡು ಬಂದ. ಈಗಲಾದರೂ ಹೊದಿಸಲೇ ಎಂಬಂತೆ ನಿಂತ. ತೆಂಗಿನಕಾಯಿ ಇಸಿದುಕೊಂಡು ಸುನೀತಾಳ ಕೈಗೆ ಕೊಟ್ಟು ಎದ್ದೆ.

"ಶಾಲು ಮಡಚಿ ಇಡೋ ತಮ್ಮಾ. ಕುರುಬರ ಮನೀಯಾಕಿ ನಾ, ಹೊದಿಯಾಕ ನಮ್ಮಲ್ಲಿ ಕಂಬಳಿ ಅದ."